ನಾಲ್ಕನೇ ಹಲಗಿ, ನಂಬರ್ ೧೪೭

ನಾನು ಒಂದು ಹಲಗಿ. ಬರೇ ಹಲಗಿ ಅಂದ್ರ ನೀವು ರೊಟ್ಟಿ ಬಡಿಯೋದು ಅಂತ ತಿಳ್ಕೋತೀರಿ, ಅದಕ್ಕ ಪೂರ್ತಿ ಹೇಳ್ತೀನಿ. ನಾನು ಅಂಗಡಿ ಬಾಗಲದ ಹಲಗಿ. ಒಂಬತ್ತರೊಳಗ ನಾಲ್ಕನೇದು. ವಯಸ್ಸು ಅರವತ್ನಾಲ್ಕು. ಸಿಟ್ಟು ಭಾಳ. ಕಟಗಿಗೆ ಎಲ್ಲಿ ಸಿಟ್ಟು ಅಂತ ನಗಬ್ಯಾಡ್ರಿ, ನನ್ನ ಮುರದ ಮೂಲಿ ಮ್ಯಾಲ ಒಮ್ಮಿ ಕೈ ಆಡ್ಸಿ ನೋಡ್ರಿ. ಸಿಬರು ಚುಚ್ಚಿದ ಮ್ಯಾಲ ಮಾತಾಡೋಣು.

ಯಾವ ಅಡವ್ಯಾಗ ಹುಟ್ಟೀನಿ ನೆನಪಿಲ್ಲ. ಮತ್ತಿ ಮರ ಅಂತ ಬಡಿಗೇರ ಅಜ್ಜ ಅಂದಿದ್ದು ಕೇಳೀನಿ ಅಷ್ಟ. ನನ್ನ ಮೊದಲನೇ ನೆನಪು ಅಂದ್ರ ಗರಗಸ. ಹೆಂಗ ಅದ ನೋಡ್ರಿ ನನ್ನ ಹಣೆಬರಹ! ಒಂದ ದಿಮ್ಮಿಯೊಳಗಿಂದ ಒಂಬತ್ತು ಮಂದಿ ಅಣ್ಣತಮ್ಮಂದ್ರು ಹೊರಗ ಬಂದ್ವಿ. ನಮ್ಮನ್ನ ಕೊಂಡಾಂವ ವಿಠ್ಠಪ್ಪ ಚಿತ್ರಗಾರ. ಹಿರೇಹೊಂಡ ಊರಾಗ ಹಳೇ ಪೇಟಿ ಅಂತ ಐತಿ, ಅಲ್ಲೆ ಅವಂದು ಬಾಸಿಂಗದ ಅಂಗಡಿ. ಮುಂದ ಅಂಗಡಿ, ಹಿಂದ ಮನಿ. ಮದುಮಕ್ಕಳ ಹಣಿಗೆ ಕಟ್ಟೋ ಬಾಸಿಂಗ, ದಂಡಿ, ಕುಂಡ್ರಾಕ ಬಣ್ಣ ಹಚ್ಚಿದ ಮಣಿ, ಎಲ್ಲಾ ಅವನ ಮನ್ಯಾಗ ಮಾಡಿದ್ದು. ಹಿರೇಹೊಂಡದಾಗ ಲಗ್ನ ಇರ್ಲಿ, ಇಪ್ಪತ್ತೆರಡು ಕಿಲೋಮೀಟರ್ ಆಚೆ ಬಸರಗ್ಯಾಗ ಲಗ್ನ ಇರ್ಲಿ, ಬಾಸಿಂಗ ನಮ್ಮ ಅಂಗಡೀದ. ಕೊಂಡವ್ರು ಹೊಸ್ತಿಲಕ್ಕ ಒಂದು ಕಾಯಿ ಒಡದು ಒಯ್ಯೋದು ಪದ್ಧತಿ. ಆ ಕಾಯಿನೀರು ಕುಡದು ಕುಡದು ನಮ್ಮ ಕಾಲು ಗಟ್ಟಿ ಆಗ್ಯಾವು.

ಹಲಗಿ ಬಾಗಲಾ ನೋಡೀರೋ ಇಲ್ಲೋ? ಈಗಿನವ್ರಿಗೆ ಗೊತ್ತಿರಂಗಿಲ್ಲ. ಈಗೇನು, ಶಟರ್ ಜಗ್ಗಿದ್ರು, ಧಡ್ ಅಂತು, ಮುಗೀತು. ನಮ್ಮದು ಹಂಗಲ್ಲ. ಹೊಸ್ತಿಲದಾಗ ಉದ್ದಕ ಕೊರದ ಸಂದಿ, ಮ್ಯಾಲ ತೊಲಿಗೂ ಅಂಥದ್ದ ಸಂದಿ. ಅದರಾಗ ನಮ್ಮನ್ನ ಒಬ್ಬೊಬ್ಬರನ್ನ ನಿಂದರಿಸಿ ಸರಿಸ್ತಾರ. ಒಂದು, ಎರಡು, ಮೂರು, ಆಮ್ಯಾಲ ನಾನು. ಕೈಲೆ ಮಾಡಿದ ಬಾಗಲಾ, ಒಬ್ಬೊಬ್ಬಂದು ಒಂದೊಂದು ಅಳತಿ. ನನ್ನ ಬಿಟ್ಟು ಐದನೇದಾಂವ ಮೊದಲ ಹೊಕ್ಕಂದ್ರ ಒಂಬತ್ತನೇದಾಂವ ಹೊರಗ ಉಳೀತಾನ. ಅದಕ್ಕ ವಿಠ್ಠಪ್ಪ ನಮ್ಮ ನೆತ್ತಿ ಮ್ಯಾಲ ಹಳದಿ ಬಣ್ಣದಾಗ ಕನ್ನಡ ಅಂಕಿ ಬರದ. ನನ್ನ ೪ ಅಂತೂ ಏನ್ ಚಂದ! ಕುತ್ತಿಗಿ ಕೊಂಕಿಸಿದ ನವಿಲು ಇದ್ದಂಗ. ಸ್ವಲ್ಪ ಜಂಬ ಇತ್ತು ನನಗ, ಇಲ್ಲ ಅಂತ ಹೇಳಂಗಿಲ್ಲ.

ವಿಠ್ಠಪ್ಪ ಹೋದ. ಅವನ ಮಗ ಮೋನೇಶ ಕುಂಚ ಹಿಡದ. ಮೋನೇಶನ ಹೇಣ್ತಿ ತುಳಜವ್ವ ಗಲ್ಲೇದ ಮ್ಯಾಲ ಕುಂತಳು. ಮೋನೇಶ ಮಾತು ಕಡಿಮಿ, ಕೈ ಜಾಸ್ತಿ. ತುಳಜವ್ವ ಬಾಯಿ ಜಾಸ್ತಿ, ಕೈನೂ ಜಾಸ್ತಿ. ದಿನಾ ಮುಂಜಾನೆ ಅಕೀನ ನಮ್ಮನ್ನ ತೆಗೆಯಾಕಿ. ಒಂಬತ್ತು, ಎಂಟು, ಏಳು ಅಂತ ತಿರುವು ಎಣಿಸ್ತಾಳ, ಅಂಚಿಗೆ ಹೆಬ್ಬಟ್ಟು ಒತ್ತಿ ಹಿಡದು ಎತ್ತತಾಳ, ಗ್ವಾಡಿಗೆ ಸಾಲಾಗಿ ಆನಿಸ್ತಾಳ. ಮೂವತ್ತು ವರ್ಷ ಅಕಿ ಹೆಬ್ಬಟ್ಟು ನನ್ನ ಅಂಚಿನ ಒಂದ ಜಾಗಾಕ್ಕ ಕುಂತು ಅಲ್ಲೊಂದು ಸಣ್ಣ ತಗ್ಗು ಬಿದ್ದೈತಿ. ಅಕಿಗೆ ಅದು ಗೊತ್ತಿಲ್ಲ. ನನಗ ಗೊತ್ತು.

ಬಾಜು ಅಂಗಡಿ ಮಕ್ತುಮಸಾಬಂದು. ಹಗ್ಗ, ಎತ್ತಿನ ಮಾರಿಗೆ ಕಟ್ಟೋ ಮಗಡ, ದನ ಕಟ್ಟೋ ದಾಬು ಮಾರ್ತಿದ್ದ. ಅವಂದು ಶಟರ್ ಬಾಗಲಾ. ದಿನಾ ಮುಂಜಾನೆ ಒಂದ ಚಾಷ್ಟಿ.

"ಏ ತುಳಜಕ್ಕಾ, ನಿನ್ನ ಒಂಬತ್ತು ಗಂಡಸ್ರು ಎದ್ರಾ?"

"ಎದ್ರಣ್ಣಾ. ನಿನ್ನ ಒಬ್ಬಾಕಿ ಕಿರ್ ಅಂತ ಒದರೋದು ಓಣಿಗೆಲ್ಲಾ ಕೇಳಿಸ್ತು, ಎಣ್ಣಿ ಹಾಕಪಾ ಅಕಿಗೆ."

ಹಿಂಗ ನಡದಿತ್ತು. ಅಷ್ಟರಾಗ ಒಂದಿನ ಗಡಿಯಾರ ಕಂಬಕ್ಕ ಒಂದು ದೊಡ್ಡ ಬ್ಯಾನರ್ ಬಿತ್ತು. "ಹಳೇ ಪೇಟೆಗೆ ಹೊಸ ಜೀವ." ಅದರ ಬಾಜುಕ ಇನ್ನೊಂದು. "ಬಸರಗಿಯಲ್ಲಿ ಹೊಸ ಬದುಕು." ಮೊದಲನೇದರಾಗ ಕಾರಂಜಿ, ಕಲ್ಲಿನ ನೆಲ, ಕೈಯಾಗ ಕಾಫಿ ಹಿಡಕೊಂಡ ಮಂದಿ. ಎರಡನೇದರಾಗ ನಾಲ್ಕು ಮಜಲಿನ ಕಟ್ಟಡ, ಒಂದರಂಗ ಇನ್ನೊಂದು, ಕಡ್ಡಿಪೆಟಗಿ ಒಟ್ಟಿದಂಗ. ಜೀವ ಇಲ್ಲೆ ಅಂತ, ಬದುಕು ಅಲ್ಲೆ ಅಂತ. ನಡುವ ಇಪ್ಪತ್ತೆರಡು ಕಿಲೋಮೀಟರ್!

ನನಗ ಅವತ್ತ ಸಿಟ್ಟು ಶುರು ಆತು ನೋಡ್ರಿ. ಹೊಸ ಜೀವ ಅಂದ್ರ ಏನರ್ಥ? ನಮ್ಮ ಪೇಟಿ ಸತ್ತಿತ್ತು ಅಂತ ಯಾರ್ ಹೇಳಿದ್ರು? ಮುಂಜಾನೆ ಆರಕ್ಕ ಹೂವಿನವ್ರು ಬರ್ತಿದ್ರು, ಎಂಟಕ್ಕ ಮಿರ್ಚಿ ಎಣ್ಣಿ ಕಾಯ್ತಿತ್ತು, ಹತ್ತಕ್ಕ ಮಂದಿ ಮೈಗೆ ಮೈ ತಿಕ್ಕಿ ನಡೀತಿದ್ರು. ಸತ್ತ ಪೇಟ್ಯಾಗ ಇಷ್ಟು ಗದ್ಲ ಇರ್ತೈತೇನು? ಗಟಾರ ತುಂಬಿತ್ತು, ಒಪ್ಪಿದೆ. ದೀಪ ಹತ್ತತಿದ್ದಿಲ್ಲ, ಒಪ್ಪಿದೆ. ಗಟಾರ ತಗೀರಿ, ದೀಪ ಹಚ್ಚರಿ. ನೆಗಡಿ ಆದ್ರ ಮೂಗು ಕೊಯ್ತಾರೇನ್ರಿ?

ಆದ್ರ ತುಳಜವ್ವ ಖುಷಿ ಆದ್ಳು. ಯಾಕಂದ್ರ ಆಫೀಸಿನವ್ರು ಬಂದು ಹೇಳಿ ಹೋಗಿದ್ರು: ಪೇಟ್ಯಾಗ ಇದ್ದ ಅಂಗಡಿಗೆಲ್ಲಾ ನಂಬರ್ ಹಾಕ್ತೀವಿ, ನಂಬರ್ ಇದ್ದವ್ರಿಗೆ ಹೊಸ ಕಟ್ಟಡದಾಗ ಒಂದೊಂದು ಅಂಗಡಿ ಗ್ಯಾರಂಟಿ. ಪೇಟ್ಯಾಗ ಮನಿ ಇದ್ದವ್ರಿಗೆ ಬಸರಗ್ಯಾಗ ಮನಿ. ಎರಡೂ ಇದ್ದವ್ರಿಗೆ ಎರಡೂ.

"ಅಲ್ರೀ, ಮನಿ ಎಲ್ಲಾದ್ರೂ ಇರ್ಲಿ, ಅಂಗಡಿ ಇಲ್ಲೆ ಇದ್ರ ಸಾಕು" ಅಂದ್ಳು ಗಂಡಗ. "ಮಂದಿ ಬಾಸಿಂಗ ಹುಡಕ್ಕೊಂಡು ಬರೋದು ಪೇಟಿಗೆ. ನಮ್ಮ ಮನಿಗಲ್ಲ."

ಅಷ್ಟ ಬೇಕಾಗಿತ್ತು ಅಕಿಗೆ. ಕಾರಂಜಿ ಬ್ಯಾಡ, ಕಾಫಿ ಬ್ಯಾಡ. ಅದ ಪೇಟ್ಯಾಗ ಒಂದು ಅಂಗಡಿ.

ನಂಬರ್ ಹಾಕಾಂವ ಬಂದಿದ್ದು ಯಾವತ್ತ ಗೊತ್ತೇನು? ಪೇಟೀದು ವಾರದ ಸೂಟಿ ದಿನಾ! ಎಲ್ಲಾರ ಅಂಗಡಿ ಮುಚ್ಚಿತ್ತು. ಎಷ್ಟು ಶಾಣ್ಯಾರು ನೋಡ್ರಿ. ಕೈಯಾಗ ಕೆಂಪು ಬಣ್ಣದ ಡಬ್ಬಿ, ಹಲ್ಲು ಉದುರಿದ ಬ್ರಷ್. ನನ್ನ ಮುಂದ ನಿಂತ. ಅರ್ಧ ನನ್ನ ಮ್ಯಾಲ, ಅರ್ಧ ಐದನೇದಾಂವನ ಮ್ಯಾಲ, ಸರ್ ಅಂತ ಗೀಚಿದ: 147. ಇಂಗ್ಲಿಷ್ ಅಂಕಿ. ಒಂದು ಸೊಟ್ಟ, ಏಳು ಕುಂಟು, ನಡುವಿನ ನಾಕಂತೂ ವಾಂತಿ ಮಾಡ್ಕೊಂಡಂಗ ಕೆಳಗ ಸುರೀತು. ಸುರದ ಬಣ್ಣ ನನಗೂ ಐದನೇದಾಂವಗೂ ನಡುವಿನ ಸಂದ್ಯಾಗ ಇಳದು ಅಂಚಿಗೆ ಹತ್ತಿತು. ಅರವತ್ತು ವರ್ಷ ನನ್ನ ಮೈಮ್ಯಾಲ ಇಂಥಾ ಹೊಲಸು ಅಕ್ಷರ ಯಾರೂ ಬರದಿದ್ದಿಲ್ಲ. ಅಂಗಡಿ ಯಾರದು ಅಂತ ಕೇಳಾಕ ಯಾರೂ ಇದ್ದಿಲ್ಲ, ಹಿಂದ ಮನ್ಯಾಗಿನವ್ರೂ ಅವತ್ತ ಲಗ್ನಕ್ಕ ಹೋಗಿದ್ರು, ಹಂಗಾಗಿ ಕಾಗದದಾಗ ಹೆಸರಿನ ಜಾಗಾ ಖಾಲಿ ಬಿಟ್ಟ. ಫೋಟೋನೂ ತಗೀಲಿಲ್ಲ. "ಎರಡನೇ ಸಲ ಬಂದಾಗ ತುಂಬ್ತಾರ" ಅಂತ ತನಗ ತಾನ ಹೇಳ್ಕೊಂಡು ಮುಂದ ಹೋದ.

ಮರುದಿನಾ ಮಕ್ತುಮಸಾಬ ತನ್ನ ಶಟರ್ ತೋರಿಸಿ ಕುಣದ. "ನಂದು ನೂರಾ ನಲವತ್ತೆಂಟು! ತುಳಜಕ್ಕಾ, ನಿಂದು ನಲವತ್ತೇಳು! ಅಲ್ಲೂ ಬಾಜು ಬಾಜುನ ಬಂತು, ನಿನ್ನ ಬಾಯಿಂದ ನನಗ ಬಿಡುಗಡಿ ಇಲ್ಲ!"

ಎಲ್ಲಾರೂ ನಕ್ಕರು. ಮೋನೇಶ ಒಬ್ಬ ನಗಲಿಲ್ಲ. ಅಂವ ನನ್ನ ಮುಂದ ನಿಂತು ಆ ಅಂಕಿ ನೋಡಾಕತ್ತಿದ್ದ. ಊಟದಾಗ ಹರಳು ಸಿಕ್ಕವನ ಮಾರಿ ಇರ್ತೈತಲ್ಲ, ಹಂಗ.

ಈಗ ಅವನ ಜಾತಕ ಸ್ವಲ್ಪ ಹೇಳಬೇಕು. ಮೋನೇಶ ಪ್ರತಿ ದೀಪಾವಳಿಗೆ ನಮ್ಮ ಒಂಬತ್ತೂ ಮಂದಿಗೆ ಹೊಸ ಬಣ್ಣ ಹಚ್ಚಾಂವ. ಅವರಪ್ಪ ಕಲಿಸಿದ ಪದ್ಧತಿ. ಲಕ್ಷ್ಮಿ ಪೂಜಿ ದಿನಾ ಬಾಗಲಾ ಹೊಸಾದಂಗ ಹೊಳೀಬೇಕು. ಅದೂ ಹಳೇ ಬಣ್ಣದ ಮ್ಯಾಲ ಬಳಿಯೋದು ಅವನ ಕುಲಕ್ಕ ಅವಮಾನ. ಪಾಲಿಶ್ ಪೇಪರ್ ಹಾಕಿ ತಿಕ್ಕಿ ತಿಕ್ಕಿ, ಬರೇ ಕಟಗಿ ಕಾಣೋತನಕ ತಿಕ್ಕಿ, ಆಮ್ಯಾಲನ ಹೊಸ ಬಣ್ಣ. ಅಂಚಿಗೆ ಮಾತ್ರ ಪೇಪರ್ ಮುಟ್ಟಸಂಗಿಲ್ಲ. ಅಂಚು ತಿಕ್ಕಿದ್ರ ಹಲಗಿ ಸಡ್ಲ ಆಗ್ತಾವು, ಬಾಗಲಾ ಗಡಗಡ ಅಂತೈತಿ.

ನಿಮಗ ತಿಳೀತಲ್ಲ ಏನಾತು ಅಂತ?

ದೀಪಾವಳಿ ಮುಂದ ನನ್ನನ್ನ ಮೊಣಕಾಲ ಮ್ಯಾಲ ಮಲಗಿಸ್ಕೊಂಡ. ಪಾಲಿಶ್ ಪೇಪರ್ ತಗೊಂಡ. ತುಳಜವ್ವ ಒಳಗಿಂದ ನೋಡಿದ್ಳು.

"ಅಲ್ರೀ, ಆ ನಂಬರಾ! ಅಳಸಬ್ಯಾಡ್ರಿ!"

"ಅಳಸಂಗಿಲ್ಲ. ನೆಟ್ಟಗ ಬರೀತೀನಿ."

"ಇದ್ದಂಗ ಇರ್ಲಿ ಬಿಡ್ರಿ."

"ಏ ತುಳಜಾ, ಇದು ನಮ್ಮ ಹೊಸ ಅಂಗಡಿ ನಂಬರ್. ಹಬ್ಬದ ದಿನಾ ಲಕ್ಷ್ಮಿ ಬಂದು ಇಂಥಾ ಅಕ್ಷರಾ ನೋಡಿದ್ಳಂದ್ರ ಒಳಗ ಬರ್ತಾಳೇನು? ಓಣಿ ಮಂದಿ ಏನಂತಾರ, ಚಿತ್ರಗಾರನ ಬಾಗಲಾ ಹಿಂಗೇನು ಅಂತ? ನಂಬರ್ ಅದ ಇರ್ತೈತಿ. ಚಂದ ಆಗ್ತೈತಿ ಅಷ್ಟ."

ಬರದ. ಅಂಕಿ ಎರಡು ಹಲಗಿಗೆ ಹರಿದು ಹಂಚೋದು ತಪ್ಪು ಅಂತ ಪೂರ್ತಿ ನನ್ನ ಒಬ್ಬನ ಮ್ಯಾಲ, ಒಂದರ ಕೆಳಗ ಒಂದು, ೧೪೭. ಕನ್ನಡ ಅಂಕಿ, ನೀಲಿ ಬಣ್ಣ, ಹಿಂದ ಬಂಗಾರದ ನೆರಳು, ಸುತ್ತ ಬಾಸಿಂಗದ ಹೂವಿನ ಬಳ್ಳಿ. ಖರೆ ಹೇಳ್ತೀನಿ, ಅವತ್ತ ನಾನು ಮದುಮಗ ಇದ್ದಂಗ ಇದ್ದೆ. ಹಾದಿ ಮಂದಿ ನಿಂತು ನೋಡಿದ್ರು. ನಾನೂ ಉಬ್ಬಿದೆ. ಅವನ ಮ್ಯಾಲ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಇವತ್ತಿಗೂ ಬರಂಗಿಲ್ಲ. ತನ್ನ ಕೆಲಸ ಛೊಲೋ ಮಾಡಿದಾಂವನ ಮ್ಯಾಲ ಹೆಂಗ ಸಿಟ್ಟು ಮಾಡೋದು ನೀವ ಹೇಳ್ರಿ.

ಹಬ್ಬ ಆಗಿ ಹತ್ತು ದಿನಕ್ಕ ಎರಡನೇ ಸಲದವ್ರು ಬಂದ್ರು. ನನ್ನ ಫೋಟೋ ತಗೊಂಡ್ರು. ಒಬ್ಬರ ಮಾರಿ ಒಬ್ಬರು ನೋಡಿದ್ರು. ಕಾಗದದಾಗ ಏನೋ ಬರಕೊಂಡು ಹೋದ್ರು. ಒಂದು ತಿಂಗಳಿಗೆ ಗಡಿಯಾರ ಕಂಬಕ್ಕ ಯಾದಿ ಅಂಟಿಸಿದ್ರು. ೧೪೬ ಐತಿ. ೧೪೮ ಮಕ್ತುಮಸಾಬಂದು ಐತಿ. ನಡುವಿಂದು ಇಲ್ಲ.

ತುಳಜವ್ವ ಮೂರು ಸಲ ಬಟ್ಟಿಟ್ಟು ಓದಿದ್ಳು. ಆಮ್ಯಾಲ ಸೀದಾ ಅಂಗಡಿಗೆ ಬಂದು, ಗ್ವಾಡಿ ಸಾಲಿನಾಗ ಒಂಬತ್ತು, ಎಂಟು, ಏಳು, ಆರು, ಐದು ದಾಟಿ, ನನ್ನನ್ನ ಎತ್ತಿ ಮಕ್ತುಮಸಾಬನ ಕೈಗಾಡಿ ಮ್ಯಾಲ ಹಾಕಿದ್ಳು. ಮಕ್ತುಮಸಾಬ ಗಾಡಿ ದೂಡಿದ. ಹಗಲು ಹನ್ನೊಂದಕ್ಕ ಹಲಗಿ ಹೊರಗ ಹೊಂಟಿದ್ದು ಓಣಿ ಮಂದಿ ಅವತ್ತ ಮೊದಲ ಸಲ ನೋಡಿದ್ದು.

ಆಫೀಸಿನ ಬಾಗಲದಾಗ ಜವಾನ ನಕ್ಕ. "ಏನವ್ವಾ, ಬಾಗಲಾನ ಕಿತಗೊಂಡು ಬಂದಿಯಲ್ಲ! ಮನಿಗೆ ಕಳ್ಳರು ಬಂದ್ರ ಏನ್ ಮಾಡ್ತಿ?"

"ಕಳ್ಳರು ಬಂದಾರಂತನ ಕಿತಗೊಂಡು ಬಂದೀನಪಾ" ಅಂದ್ಳು.

ಸಾಹೇಬನ ಮುಂದ ಎರಡು ಖುರ್ಚಿ ಮ್ಯಾಲ ನನ್ನನ್ನ ಅಡ್ಡ ಮಲಗಿಸಿದ್ಳು. ಸಾಹೇಬ ಮೆತ್ತಗ ಮಾತಾಡಾಂವ, ಒದರಾಂವ ಅಲ್ಲ. ಒದರಾವ್ರಿಗಿಂತ ಇವ್ರು ಕೆಟ್ಟ, ತಿಳ್ಕೋರಿ.

"ನೋಡಿ ಅಮ್ಮ, ಇದು ನಮ್ಮವರ ಕೈಬರಹ ಅಲ್ಲ. ನಮ್ಮದು ಕೆಂಪು ಬಣ್ಣ, ಇಂಗ್ಲಿಷ್ ಅಂಕಿ. ಇದು ನೀವೇ ಬರೆದಿರೋದು. ಬೇರೆಯವರ ನಂಬರನ್ನ ನಿಮ್ಮ ಬಾಗಿಲ ಮೇಲೆ ಬರ್ಕೊಂಡಿದೀರಿ ಅಂತ ವರದಿ ಆಗಿದೆ."

"ಬ್ಯಾರೇದವ್ರ ನಂಬರಾ? ಯಾರದ್ರೀ? ಹಂಗಾದ್ರ ಖರೆ ನೂರಾ ನಲವತ್ತೇಳು ಎಲ್ಲೈತಿ? ಪೇಟಿ ತುಂಬ ಹುಡುಕ್ರಿ, ತಂದು ತೋರಿಸ್ರಿ."

"ಅದು ಪತ್ತೆ ಆಗಿಲ್ಲ ಅಮ್ಮ."

"ನಾನ ನಿಂತೀನಲ್ರೀ ನಿಮ್ಮ ಮುಂದ! ನನ್ನ ಗಂಡ ಬಣ್ಣದಾಂವ. ನಿಮ್ಮ ಅಕ್ಷರಾ ಹೊಲಸು ಇತ್ತಂತ ಚಂದ ಮಾಡ್ಯಾನ. ಚಂದ ಮಾಡಿದ್ದು ತಪ್ಪೇನ್ರೀ?"

"ಸರ್ಕಾರಿ ನಂಬರ್ ತಿದ್ದೋದು ತಪ್ಪೇ ಅಮ್ಮ."

ಮಕ್ತುಮಸಾಬ ಮುಂದ ಬಂದ. "ಸಾಹೇಬ್ರ, ನಾ ಸಾಕ್ಷಿ. ನಂದು ನಲವತ್ತೆಂಟು, ಇವರದು ನಲವತ್ತೇಳು. ನನ್ನ ಕಣ್ಣಾರೆ ನೋಡೀನಿ."

"ಪಕ್ಕದ ಅಂಗಡಿಯವರ ಸಾಕ್ಷಿ ನಡೆಯಲ್ಲ."

ಪಕ್ಕದವ್ರ ಸಾಕ್ಷಿ ನಡೆಯಂಗಿಲ್ಲಂತ! ಮತ್ತ ಯಾರದು ನಡೀತೈತಿ, ಮುಂಬೈ ಮಂದೀದಾ?

ನಾನು ಖುರ್ಚಿ ಮ್ಯಾಲ ಬಿದ್ದು ಒದರಾಕತ್ತಿದ್ದೆ. ನನ್ನ ಅಂಚು ನೋಡ್ರೀ! ಎಡಕ್ಕಲ್ಲ, ಬಲಕ್ಕ! ಅಲ್ಲೆ ಕೆಂಪು ಹನಿ ಇಳದೈತಿ, ಮೋನೇಶ ಅಂಚು ತಿಕ್ಕಿಲ್ಲ, ನೋಡ್ರೀ! ಕಟಗಿ ಒದರೋದು ಯಾರಿಗೆ ಕೇಳಿಸ್ತೈತಿ. ಸೋತು ತುಳಜವ್ವ ನನ್ನನ್ನ ಎತ್ತಾಕ ಬಗ್ಗಿದ್ಳು. ಹೆಬ್ಬಟ್ಟು ತಾನಾಗಿ ಆ ತಗ್ಗಿಗೆ ಹೋಗಿ ಕುಂತಿತು. ಅಕಿ ಬಟ್ಟು ತಡವರಿಸ್ತು. ಬಗ್ಗಿ ನೋಡಿದ್ಳು. ಕೆಂಪು. ಮೇಲಿಂದ ಕೆಳತನಕ ಮೂರು ಗೀರು, ಸುರದು ಒಣಗಿದ್ದು.

"ನೋಡ್ರೀ ಸಾಹೇಬ್ರ! ನಿಮ್ಮ ಬಣ್ಣ! ಇಲ್ಲೆ ಐತಿ ನೋಡ್ರೀ! ಬಾಗಲಾ ಮುಚ್ಚಿದಾಗ ಸಂದ್ಯಾಗ ಹೊಕ್ಕೈತಿ. ನಾವ ಬರಕೊಂಡಿದ್ರ ಅಂಚಿನಾಗ ಯಾಕ ಸುರಿತಿತ್ತು? ನನ್ನ ಗಂಡ ಜಲಮದಾಗ ಒಂದು ಹನಿ ಚೆಲ್ಲಿಲ್ಲ!"

ಸಾಹೇಬ ಎದ್ದು ಬಂದ. ಚಸ್ಮಾ ಏರಿಸಿ ನೋಡಿದ. ಅವನಿಗೆ ತಿಳೀತು. ಖರೆ ಹೇಳ್ತೀನಿ, ಅವನಿಗೆ ತಿಳೀತು, ನಾನು ಅವನ ಕಣ್ಣು ಒಂದು ಗೇಣು ದೂರದಿಂದ ನೋಡೀನಿ. ಆಮ್ಯಾಲ ಹೋಗಿ ಖುರ್ಚಿ ಮ್ಯಾಲ ಕುಂತ.

"ಬಣ್ಣ ಇದೆ. ಆದರೆ ಅಂಕಿ ಇಲ್ಲವಲ್ಲ ಅಮ್ಮ. ಪಟ್ಟಿ ಮೇಲೆ ಹೋಗಿಬಿಟ್ಟಿದೆ. ನಿಮಗೆ ಬಸರಗಿಯಲ್ಲಿ ಮನೆ ಬಂದಿದೆ, ಸಂತೋಷವಾಗಿರಿ."

ಸಂತೋಷವಾಗಿರಬೇಕಂತ! ಕಣ್ಣಿಗೆ ಕಾಣೋ ಖರೇಕ್ಕ ಕಾಗದದಾಗ ಜಾಗಾ ಇಲ್ಲ ಅಂದಾಂವಗ ನಾನು ಏನ್ ಹೇಳ್ಲಿ? ಅವತ್ತ ಅವನ ಟೇಬಲ್ ಮ್ಯಾಲ ಬೀಳಬೇಕಾಗಿತ್ತು ನಾನು. ಎರಡು ಮಣದ ಭಾರ ಇದ್ದೆ. ಬೀಳಲಿಲ್ಲ. ಅದೊಂದು ಹಳಹಳಿ ಐತಿ ನನಗ.

ಗಾಡಿ ತಿರುಗಿಸ್ಕೊಂಡು ಮೂರೂ ಮಂದಿ ಪೇಟಿಗೆ ಬಂದ್ವಿ. ಅಂಗಡ್ಯಾಗ ಮೋನೇಶ ಕುಂತಿದ್ದ. ಅಕಿ ಮಾರಿ ನೋಡಿದ. ಎದ್ದು ತನ್ನ ಕುಂಚ ಎಲ್ಲಾ ತೊಳದು, ಒರಸಿ, ಒಂದು ಅರಬಿಯೊಳಗ ಸುತ್ತಿ ಕಟ್ಟಿದ. ಮತ್ತ ಬಿಚ್ಚಲಿಲ್ಲ. ಅಕಿ ಅವನಿಗೆ ಒಂದು ಮಾತು ಅನಲಿಲ್ಲ. ಬೈದಿದ್ರ ಛೊಲೋ ಇತ್ತು.

ಪೇಟಿ ಕೆಡವಾಕ ಯಂತ್ರ ಬಂದ ದಿನಾ ನಮ್ಮ ಒಂಬತ್ತು ಮಂದೀನ ಬಿಚ್ಚಿದ್ರು. ಬಸರಗಿ ಮನಿ ಮೂರನೇ ಮಜಲಿಂದು, ಒಂಬತ್ತೂ ಹಲಗಿ ಒಯ್ಯೋದು ಆಗೂ ಮಾತಲ್ಲ. ಎಂಟು ಮಂದೀನ ಗುತ್ತಿಗಿದಾರನ ಆಳು ಟ್ರ್ಯಾಕ್ಟರಿಗೆ ಒಗದ್ರು. ತುಳಜವ್ವ ನನ್ನನ್ನ ಬಿಡಲಿಲ್ಲ. "ಇದರ ಮ್ಯಾಲ ನನ್ನ ಅಂಗಡಿ ಐತಿ" ಅಂದ್ಳು. ಐದನೇದಾಂವನ ಅಂಚಿನ ಮ್ಯಾಲೂ ಅದ ಕೆಂಪು ಗೀರು ಇತ್ತು. ಹೋಗೋವಾಗ ಅಂವ ನನ್ನ ಕಡೆ ನೋಡಿದ್ನೋ ಇಲ್ಲೋ, ಧೂಳಿನಾಗ ಕಾಣಲಿಲ್ಲ.

ಬಸರಗಿ ಮನಿ ಹೆಂಗೈತಿ ಅಂತ ಕೇಳ್ತೀರೇನು? ಲಿಫ್ಟ್ ಐತಿ, ಕರೆಂಟಿಲ್ಲ. ನಳ ಐತಿ, ವಾರಕ್ಕೊಮ್ಮಿ ಕೆಮ್ಮತೈತಿ. ಗ್ವಾಡಿಗೆ ಮೊಳಿ ಹೊಡದ್ರ ಮೊಳಿ ಜತಿ ಗ್ವಾಡಿನೂ ಬರ್ತೈತಿ. ನಮ್ಮ ಓಣಿಯವ್ರು ಒಬ್ಬರು ಒಂದು ಕಟ್ಟಡ, ಇನ್ನೊಬ್ಬರು ಇನ್ನೊಂದು ಕಟ್ಟಡ. ನನ್ನನ್ನ ಎರಡು ಬಕೀಟಿನ ಮ್ಯಾಲ ಅಡ್ಡ ಇಟ್ಟು ಪಾತ್ರೆ ಜೋಡಿಸಿದ್ರು. ಬಾಗಲಾ ಆಗಿದ್ದಾಂವ ಮಾಡ ಆದೆ. ತುಳಜವ್ವ ಬಾಸಿಂಗ ಮಾಡೋದು ಬಿಡಲಿಲ್ಲ. ಆದ್ರ ಬಾಸಿಂಗ ಕೊಳ್ಳಾಕ ಮೂರನೇ ಮಜಲು ಯಾರು ಹತ್ತತಾರ? ಎರಡು ಲಗ್ನದ ಸೀಜನ್ ಹಂಗ ಹೋದವು. ಬಾಸಿಂಗಕ್ಕ ಅಂಟಿಸಿದ ಹೊಳಿಯೋ ಬೆಗಡಿ ಧೂಳು ಹಿಡೀತು. ಅಕಿ ಬಾಯಿ ಸಣ್ಣ ಆತು. ಅದನ್ನ ನೋಡೋದು ಇತ್ತಲ್ಲ, ಗರಗಸಕ್ಕಿಂತ ಕೆಟ್ಟ.

ಮಕ್ತುಮಸಾಬ ಒಮ್ಮಿ ಬಂದಿದ್ದ. ಅವನಿಗೆ ಹೊಸ ಕಟ್ಟಡದಾಗ ಅಂಗಡಿ ಕೊಟ್ರು, ಎರಡನೇ ಮಜಲು, ಮೆಟ್ಟಲದ ಹಿಂದ.

"ಮ್ಯಾಲಿಂದ ಕೆಳಗ ಇಳಿಯಾಕ ಹಗ್ಗ ಬೇಕಾದವ್ರು ಮಾತ್ರ ಬರ್ತಾರ, ತುಳಜಕ್ಕಾ" ಅಂತ ನಕ್ಕ. ನಗು ಪೂರ್ತಿ ಬರಲಿಲ್ಲ.

ಆಮ್ಯಾಲ ಒಂದಿನ ಮೋನೇಶಗ ಕರೆ ಬಂತು. ಹಿರೇಹೊಂಡದಾಗ ಕೂಲಿ ಬಣ್ಣದ ಕೆಲಸ. ಕುಂಚದ ಗಂಟು ಎರಡು ವರ್ಷದ ಮ್ಯಾಲ ಬಿಚ್ಚಿದ. ಸಂಜಿ ಮುಂದ ತಿರುಗಿ ಬಂದ. ನನ್ನ ಎದುರಿಗೆ ಕುಂತು ಚಾ ಕುಡೀಲಿಲ್ಲ, ಹಂಗ ಹಿಡಕೊಂಡ ಕುಂತ.

"ತುಳಜಾ, ನಮ್ಮ ಬಾಗಲಾ ನೋಡಿ ಬಂದೆ."

"ಏನಂತೀರಿ!"

"ಪೇಟಿ ನಡುವ ಒಂದು ಗ್ವಾಡಿ ಕಟ್ಟ್ಯಾರ. ನಮ್ಮ ಪೇಟೆಯ ನೆನಪು ಅಂತ ಬರದಾರ. ಅದಕ್ಕ ನಮ್ಮ ಹಲಗಿ ಜೋಡಿಸ್ಯಾರ. ಏಳು, ಎರಡು, ಒಂಬತ್ತು, ಒಂದು... ಹುಚ್ಚರಂಗ ನಿಂದರಿಸ್ಯಾರ. ಎಂಟರ ಬಾಜು ಮೂರು!"

ಎಂಟರ ಬಾಜು ಮೂರು! ಅವರಿಬ್ಬರೂ ಅರವತ್ತು ವರ್ಷದಾಗ ಒಮ್ಮಿ ಮೈ ಮುಟ್ಟಿಲ್ಲ. ಕಳ್ಳತನ ಮಾಡಿದ್ರಿ, ಹೋಗ್ಲಿ. ಎಣಿಸಾಕರ ಬರಬ್ಯಾಡೇನು? ನೆತ್ತಿ ಮ್ಯಾಲ ಅಂಕಿ ಬರದೈತಲ್ರೋ!

"ನಡುವ ಒಂದು ಜಾಗಾ ಖಾಲಿ ಇತ್ತು" ಅಂದ ಮೋನೇಶ. "ನಾಕನೇದು. ಅಲ್ಲೆ ಪ್ಲೈವುಡ್ ಹೊಡದಾರ. ಅದರ ಮ್ಯಾಲ ನಾಕು ಬರಿ, ಹಳೇದರಂಗ ಕಾಣಬೇಕು ಅಂದ್ರು. ಇಂಥಾ ಅಂಕಿ ಬರಿಯಾವ್ರು ಈಗ ಯಾರೂ ಇಲ್ಲ, ನೀನ ಬರಿ ಅಂದ್ರು."

ತುಳಜವ್ವನ ಕಣ್ಣು ಕೆಂಪಾದವು. "ಬರದ್ರಾ?"

"ಬರದೆ. ಆದ್ರ ನಾಕು ಬರೀಲಿಲ್ಲ."

"ಮತ್ತ?"

ಮೋನೇಶ ಲೋಟದಾಗ ಬಟ್ಟು ಅದ್ದಿದ. ನೆಲದ ಮ್ಯಾಲ ಚಾದಿಂದ ಬರದ. ೧. ಕೆಳಗ ೪. ಕೆಳಗ ೭.

"ಆಳೆತ್ತರ ಬರದೀನಿ. ನೀಲಿ ಬಣ್ಣ, ಬಂಗಾರದ ನೆರಳು, ಸುತ್ತ ಬಳ್ಳಿ. ಇದೇನು ಅಂದ್ರು. ಹಳೇ ಪದ್ಧತಿ ಅಂದೆ. ಡಿಸೈನ್ ಛೊಲೋ ಐತಿ ಅಂದ್ರು."

ತುಳಜವ್ವ ನಕ್ಕಳು ನೋಡ್ರಿ! ಎರಡು ವರ್ಷದ ಮ್ಯಾಲ, ಹೊಟ್ಟಿ ಹಿಡಕೊಂಡು. ನನ್ನ ಮ್ಯಾಲಿನ ಪಾತ್ರೆ ಎಲ್ಲಾ ಗಡಗಡ ಅಂದವು. ಮೋನೇಶನೂ ನಕ್ಕ. ಪಾತ್ರೆ ಸಪ್ಪಳದಾಗ ನನ್ನ ನಗು ಅವ್ರಿಗೆ ಕೇಳಲಿಲ್ಲ.

ಪೇಟಿ ಉದ್ಘಾಟನೆ ಆತು. ಮರುದಿನದ ಪೇಪರಿನಾಗ ಫೋಟೋ ಬಂತು. ಅದ ಸಾಹೇಬ, ಹಾರ ಹಾಕ್ಕೊಂಡು, ಹಲ್ಲು ಕಿಸದು, ನೆನಪಿನ ಗ್ವಾಡಿ ಮುಂದ ನಿಂತಾನ. ಅವನ ಭುಜದ ಹಿಂದ ಢಾಳಾಗಿ ೧೪೭. ನಮ್ಮ ಕೈಬರಹ ಅಲ್ಲ ಅಂದಾಂವ! ತುಳಜವ್ವ ಕತ್ರಿ ತಗೊಂಡು ಫೋಟೋ ಕತ್ತರಿಸಿ, ಪ್ಲಾಸ್ಟಿಕ್ ಹಾಕಿ, ಕುಪ್ಪಸದಾಗ ಇಟ್ಕೊಂಡ್ಳು. ಆಮ್ಯಾಲ ನನ್ನ ಮ್ಯಾಲಿನ ಪಾತ್ರೆ ಒಂದೊಂದ ಇಳಿಸಿದ್ಳು.

"ಅಲ್ರೀ, ಇದನ್ನ ಕೊಯ್ಯಬೇಕು. ಇಷ್ಟುದ್ದ ಬಸ್ಸಿನಾಗ ಹಿಡಿಯಂಗಿಲ್ಲ."

ಮತ್ತ ಗರಗಸ. ಹೇಳಿದ್ನಲ್ಲ ಹಣೆಬರಹ ಅಂತ. ಮೋನೇಶನ ಕೊಯ್ದ. ಅಂಕಿಗೆ ಹಲ್ಲು ತಾಗಲಾರದಂಗ, ಸಾವಕಾಶ, ಉಸಿರು ಹಿಡಕೊಂಡು. ಅರ್ಧ ನಾನು ಬಸರಗಿ ಮನ್ಯಾಗ ಬಕೀಟಿನ ಮ್ಯಾಲ ಪಾತ್ರೆ ಹೊತ್ತು ಉಳದೆ. ಇನ್ನರ್ಧ ನಾನು, ನೆತ್ತಿ ಮ್ಯಾಲಿನ ೪, ಎದಿ ಮ್ಯಾಲಿನ ೧೪೭, ಅಂಚಿನ ಹೆಬ್ಬಟ್ಟಿನ ತಗ್ಗು ಸುದ್ದಾ, ಅಕಿ ಬಗಲಾಗ. ಹಿರೇಹೊಂಡ ಬಸರಗಿ ಅವಳಿ ನಗರ, ಅವಳಿ ನಗರ ಅಂತ ಭಾಷಣ ಮಾಡ್ತಾರಲ್ಲ, ಆ ಭಾಷಣ ಮಾಡಾವ್ರು ಯಾರರ ನನ್ನಂಗ ಎರಡೂ ಊರಾಗ ಒಮ್ಮೆಲೆ ಇದ್ದು ನೋಡ್ಯಾರೇನು?

ಬಸ್ಸಿನಾಗ ಕಂಡಕ್ಟರ್ ಕೇಳಿದ. "ಏನವ್ವಾ ಇದು, ಲಗೇಜಾ?"

"ಅಲ್ಲಪಾ, ಅಂಗಡಿ."

ಪೇಟಿ ಗುರುತ ಸಿಗಲಿಲ್ಲ ನನಗ. ಕಲ್ಲಿನ ನೆಲ ಹೊಳೀತಿತ್ತು, ಕಾರಂಜಿ ಪುಸಪುಸ ಅಂತಿತ್ತು. ಮಂದಿ ಇದ್ರು, ಖರೆ. ಆದ್ರ ಎಲ್ಲಾರೂ ಗ್ವಾಡಿಗೆ ಬೆನ್ನು ಮಾಡಿ ಸೆಲ್ಫಿ ತಗೊಳ್ಳಾಕತ್ತಿದ್ರು. ಅಣ್ಣತಮ್ಮಂದ್ರನ್ನ ನೋಡಿದೆ. ಮೈಗೆ ಏನೋ ಎಣ್ಣಿ ಬಳದಾರ, ತಿರುಗಿಸ್ಯಾಡಿ ಮೊಳಿ ಹೊಡದಾರ. ಎರಡನೇದಾಂವನ ತಲಿ ಕೆಳಗಾಗೈತಿ. ತುಳಜವ್ವ ಸೀದಾ ೧೪೭ರ ಕೆಳಗ ಹೋಗಿ ಎರಡು ಇಟ್ಟಂಗಿ ಇಟ್ಟು, ನನ್ನನ್ನ ಮಲಗಿಸಿ, ಮ್ಯಾಲ ಬಾಸಿಂಗ ಜೋಡಿಸಿ ಕುಂತಳು.

ಗಾರ್ಡ್ ಓಡಿ ಬಂದ. "ಏ ಅವ್ವಾ, ಏಳು ಏಳು! ಇಲ್ಲೆ ಅಂಗಡಿ ಹಚ್ಚಂಗಿಲ್ಲ. ನಂಬರ್ ಇದ್ದವ್ರಿಗೆ ಮಾತ್ರ."

ತುಳಜವ್ವ ಮ್ಯಾಲ ಬಟ್ಟು ಮಾಡಿದ್ಳು. ಆಮ್ಯಾಲ ನನ್ನ ಎದಿಗೆ ಬಟ್ಟು ಮಾಡಿದ್ಳು. "ಅಲ್ಲೂ ೧೪೭, ಇಲ್ಲೂ ೧೪೭. ಹೋಲಿಸಿ ನೋಡು."

ಆಮ್ಯಾಲ ಕುಪ್ಪಸದಿಂದ ಫೋಟೋ ತಗದ್ಳು. "ಇವ್ರು ಯಾರು ಹೇಳು? ನಿಮ್ಮ ಸಾಹೇಬ್ರು. ಎಲ್ಲಿ ನಿಂತಾರ? ನನ್ನ ನಂಬರ್ ಮುಂದ, ಹಾರ ಹಾಕ್ಕೊಂಡು. ಅವ್ರು ಈ ನಂಬರ್ ಸುಳ್ಳು ಅಂತ ಪೇಪರಿನಾಗ ಬರಸ್ಲಿ, ನಾನು ಅವತ್ತ ಏಳ್ತೀನಿ."

ಗಾರ್ಡ್ ಫೋಟೋ ನೋಡಿದ, ಗ್ವಾಡಿ ನೋಡಿದ, ನನ್ನ ನೋಡಿದ. ತಲಿ ಕೆರಕೊಂಡು ಹೋದ.

ಅಷ್ಟಕ್ಕ ಎಲ್ಲಾ ಸರಿ ಆತು ಅಂತ ತಿಳ್ಕೋಬ್ಯಾಡ್ರಿ. ನನಗ ಸುಳ್ಳು ಸುಖದ ಕತಿ ಹೇಳಾಕ ಬರಂಗಿಲ್ಲ. ಆ ಮ್ಯಾಲ ನಾಲ್ಕು ಸಲ ಎಬ್ಬಿಸ್ಯಾರ. ಒಮ್ಮಿ ಲಾರ್‍ಯಾಗ ಒಗದು ಊರ ಹೊರಗ ಒಯ್ದು ಒಗದ್ರು, ಅವತ್ತ ನನ್ನ ಮೂಲಿ ಮುರೀತು. ಮಕ್ತುಮಸಾಬ ಕೈಗಾಡಿ ತಗೊಂಡು ಬಂದು ಹುಡುಕಿ ಒಯ್ದ. ಅಂಕಿ ಅಳಸ್ರಿ ಅಂತ ಆಫೀಸಿನಾಗ ಯಾರೋ ಅಂದ್ರಂತ. ಆದ್ರ ಅಳಸಿದ್ರ, ಯಾಕ ಅಳಸಿದ್ರಿ ಅಂತ ಯಾರರ ಕೇಳ್ತಾರ, ಕೇಳಿದ್ರ ಆ ಖಾಲಿ ಹೆಸರಿನ ಕಾಗದ ಹೊರಗ ಬರ್ತೈತಿ. ಹಂಗಾಗಿ ಸುಮ್ಮನದಾರ. ಯಾದ್ಯಾಗ ನಮ್ಮ ಹೆಸರು ಇವತ್ತಿಗೂ ಇಲ್ಲ. ಸಾಹೇಬಗ ಬಡ್ತಿ ಆತು. ನನ್ನ ಸಿಟ್ಟು ಒಂದು ಗುಂಜಿ ಕಡಿಮಿ ಆಗಿಲ್ಲ, ಆಗೋದೂ ಬ್ಯಾಡ.

ಆದ್ರ ಮೊನ್ನೆ ಏನಾತು ಗೊತ್ತೇನು? ಬಸರಗಿಯಿಂದ ಒಂದು ಲಗ್ನದ ಮಂದಿ ಬಂದ್ರು. ಬಾಸಿಂಗ ತಗೊಂಡ್ರು. ಅದರಾಗಿನ ಮುದುಕಿ ಒಬ್ಬಾಕಿ ಸುತ್ತ ನೋಡಿದ್ಳು. "ಹೊಸ್ತಿಲಾ ಎಲ್ಲೈತಿ ತಂಗಿ?" ಅಂದ್ಳು. ಮುದುಕಿ ತಡೀಲಿಲ್ಲ, ನನ್ನ ಬುಡದಾಗಿನ ಇಟ್ಟಂಗಿಗೆ ಠಪ್ ಅಂತ ಕಾಯಿ ಒಡದ್ಳು. ಕಾಯಿನೀರು ಹೊಳಿಯೋ ಕಲ್ಲಿನ ಮ್ಯಾಲೆಲ್ಲಾ ಹರೀತು. ಗಾರ್ಡ್ ಒದರಿದ. ನಾಲ್ಕು ಹನಿ ನನ್ನ ಮುರದ ಮೂಲಿಗೆ ಬಿತ್ತು. ಎಷ್ಟು ವರ್ಷ ಆಗಿತ್ತು ಆ ರುಚಿ ನೋಡಿ!

ಒಂಬತ್ತು ಮಂದಿ ಇದ್ದಾಗ ನಾನು ಬಾಗಲದ ಒಂದು ಪಾಲು ಇದ್ದೆ. ಈಗ ಅರ್ಧ ಉಳದೀನಿ. ಆದ್ರ ಆ ಅರ್ಧದ ಮ್ಯಾಲ ಒಂದು ಪೂರ್ತಿ ಅಂಗಡಿ ಕುಂತೈತಿ.

ಗಡಿಯಾರ ಕಂಬದ ಬ್ಯಾನರ್ ಇನ್ನೂ ಐತಿ, ಬಿಸಿಲಿಗೆ ಬೆಳ್ಳಗಾಗೈತಿ. ಹಳೇ ಪೇಟೆಗೆ ಹೊಸ ಜೀವ. ಓದಿದಾಗೊಮ್ಮಿ ನನ್ನ ಸಿಬರು ಏಳ್ತಾವು. ನೀವೇನ್ ತಂದ್ರಿ ಜೀವಾ? ಜೀವ ದಿನಾ ಬಸರಗಿಯಿಂದ ಹತ್ತರ ಬಸ್ಸಿಗೆ ಬರ್ತೈತಿ, ಬಗಲಾಗ ಒಂದು ಹಲಗಿ ಹಿಡಕೊಂಡು.